ಮಲಗಿದ ಕ್ರಿಮಿಯ ಮದ್ದು

ಖಯೆಲಿತ್ಷಾ, ಕೇಪ್ ಟೌನ್

ಡಾಕ್ಟರ್ ಫೂರಿ ಅವರಿಗೆ,

ನಾನು ನೋಮಾವೆತು, ನಿಮ್ಮ ಹೊಸ ಕ್ಷಯದ ಮದ್ದನ್ನು ಮೊದಲು ನುಂಗಿ ನೋಡಿದವರಲ್ಲಿ ಒಬ್ಬಳು. ಅಂದು ಚರ್ಚಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ನೀವು ಹೇಳಿದ್ದಿರಿ: "ಹಳೇ ಮಾತ್ರೆ ಬೆಳೆಯೋ ಕ್ರಿಮೀನ ಕೊಲ್ಲುತ್ತೆ, ಎದೆಯೊಳಗೆ ಮಲಗಿರೋದು ಉಳ್ಕೊಳ್ಳುತ್ತೆ. ಆದ್ರೆ ಮಲಗಿರೋದಕ್ಕೂ ಜೀವ ಹಿಡ್ಕೊಳ್ಳೋಕೆ ಒಂಚೂರು ಶಕ್ತಿ ಬೇಕಲ್ಲಮ್ಮ. ಈ ಮದ್ದು ಅದನ್ನೇ ನಿಲ್ಲಿಸುತ್ತೆ." ನಾನು ನಂಬಿದೆ, ಗುಣವಾದೆ.

ಈಗ ನನ್ನ ತಮ್ಮ ಲುಂಗಾ ರಕ್ತ ಕೆಮ್ಮುತ್ತಿದ್ದಾನೆ. ಹಳೆಯ ಮಾತ್ರೆಗಳಿಂದ ವಾಸಿಯಾದವನಿಗೆ ರೋಗ ಮರುಕಳಿಸಿದೆ. ಹೊಸ ಮದ್ದು ಕೇಳಿದರೆ ಕ್ಲಿನಿಕ್ಕಿನ ನರ್ಸ್, "ಅದು ಇನ್ನೂ ಇಲ್ಲಿಗೆ ಬಂದಿಲ್ಲ ಅಕ್ಕಾ, ಹೊರದೇಶದಲ್ಲಿ ಸಿಗುತ್ತಂತೆ" ಎಂದಳು.

"ಇಲ್ಲಿಂದ್ಲೇ ಅಲ್ವಾ ಹೋಗಿದ್ದು?" ಎಂದು ಲುಂಗಾ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ರಕ್ತ, ಕಫ ಎಲ್ಲವನ್ನೂ ಸೀಸೆಗಳಲ್ಲಿ ತುಂಬಿಕೊಂಡು ಹೋದಿರಿ. ಮೊನ್ನೆ ನಿಮ್ಮ ಕಚೇರಿಯ ಹುಡುಗಿ ಬಂದು, ಮುಂದಿನ ಮದ್ದಿನ ಪರೀಕ್ಷೆಗೆ ನೆರೆಯವರನ್ನು ಕರೆತರಬೇಕೆಂದು ನನ್ನನ್ನೇ ಕೇಳಿದಳು. ನೆರೆಯವರು ಕೇಳುವುದು ಒಂದೇ: "ಮದ್ದು ಫಲಿಸಿದ್ರೆ ನಮಗೂ ಸಿಗುತ್ತಾ?"

ಲುಂಗಾನಿಗೆ ಮದ್ದು ತರಿಸಿಕೊಡಿ. ಅದೇ ಅವರಿಗೆ ನಾನು ಕೊಡುವ ಉತ್ತರ. ಅಲ್ಲಿಯವರೆಗೆ ನಮ್ಮ ಬೀದಿಯಿಂದ ಒಬ್ಬರೂ ಬರುವುದಿಲ್ಲ.

ಇಂತಿ,
ಗುಣವಾದವಳು,
ನೋಮಾವೆತು ಮ್ಬಾಂಗಾ