ಗ್ರಂಥಾಲಯದ ಹಿಂದಿನ ಕೋಣೆಗೆ ಬೀಗ ಹಾಕಿಸಿದವರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ದ್ವೀಪದ ಗ್ರಂಥಾಲಯದ ಹಿಂದಿನ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಅದನ್ನು ತೆಗೆಸಿ ಎಂದು ಕೇಳಲು ಈ ಪತ್ರ. ಫೋನ್ ಮಾಡಿದ್ದಾಯಿತು, ಅರ್ಜಿ ಹಾಕಿದ್ದಾಯಿತು, ಲಾಂಚು ಹತ್ತಿ ತಮ್ಮ ಕಚೇರಿಗೇ ಬಂದು ಕಾದಿದ್ದೂ ಆಯಿತು. ಪ್ರತಿ ಸಲವೂ ನಗುಮುಖದಿಂದ ಸಾಗಹಾಕಿದಿರಿ. ಆ ನಗುಮುಖಗಳನ್ನು ನೋಡಿ ಸಾಕಾಗಿ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಬಾಗಿಲಿಗೆ ಅಂಟಿಸಿದ ತಮ್ಮ ಪ್ರಕಟಣೆ ಹೇಳುತ್ತದೆ: "ಎಲ್ಲ ವಿಷಯಗಳ ಪಾಠಗಳೂ ಅಂತರಜಾಲದಲ್ಲಿ ಉಚಿತವಾಗಿ, ಮನೆಯಲ್ಲೇ ಲಭ್ಯವಿರುವುದರಿಂದ ಈ ಕೊಠಡಿಯ ಅಗತ್ಯವಿರುವುದಿಲ್ಲ." ಸ್ವಾಮಿ, ಆ ಉಚಿತ ಪಾಠಗಳ ರುಚಿ ಹತ್ತಿದವರೇ ನಾವು. ಜೇನು ಸಾಕಣೆ, ಗ್ರೀಕರ ಯುದ್ಧಗಳು, ಹೃದಯದ ಬಡಿತ, ಶಿಶುಗಳ ಆಹಾರ, ಯಾವುದನ್ನು ಬಿಟ್ಟಿದ್ದೇವೆ? ನಮ್ಮಲ್ಲಿ ಯಾರ ಮನೆಯಲ್ಲೂ ಶಿಶುಗಳಿಲ್ಲ. ಇಲ್ಲಿಯ ಗಾಳಿಗೆ ಜೇನುಗೂಡು ನಿಲ್ಲುವುದೂ ಇಲ್ಲ. ಆದರೂ ಕಲಿತೆವು. ನಾರ್ವೆಯ ಚಳಿಗಾಲದಲ್ಲಿ, ಮಧ್ಯಾಹ್ನವೇ ಕತ್ತಲಾಗುವ ಊರಿನಲ್ಲಿ, ಕೆಲಸದಿಂದ ನಿವೃತ್ತರಾದವರು ಇನ್ನೇನು ಮಾಡಬೇಕು?

ಪಾಠಕ್ಕೆ ಹೆಸರು ನೋಂದಾಯಿಸಿದವಳು ನೆರೆಮನೆಯ ಗುನ್ವೊರ್. "ನಂಗೊಂದು ನಿಂಗೊಂದು ಖಾತೆ ಯಾಕೆ? ಇರೋದೊಂದೇ ಪರದೆ ತಾನೆ?" ಎಂದಳು. ಮುಂದೆ ಬಂದು ಹೆಸರು ಹೇಳಿಕೊಳ್ಳುವುದೆಂದರೆ ನಮ್ಮ ಕಡೆಯವರಿಗೆ ಮೊದಲೇ ಮುಜುಗರ. ಉಳಿದ ಆರು ಜನಕ್ಕೆ ಬದುಕಿದೆಯಾ ಬಡಜೀವವೇ ಎನ್ನಿಸಿತು. ಹೀಗೆ ಪ್ರತಿ ಮಂಗಳವಾರ ಆ ಕೋಣೆಯಲ್ಲಿ ಒಂದೇ ಪರದೆಯ ಮುಂದೆ ಏಳು ಜನರೂ ಗುನ್ವೊರ್ ಆಗಿಬಿಡುತ್ತಿದ್ದೆವು. ಕಾಫಿಯ ಜೊತೆ ತಿನ್ನಲು ವಾಫಲ್ ಬೇಯಿಸುವುದು ನನ್ನ ಪಾಲಿಗೆ. ಪಾಠದ ಕೊನೆಯಲ್ಲಿ ಪ್ರಶ್ನೆಗಳು ಬಂದರೆ ಕೈ ಎತ್ತಿಸಿ ಬಹುಮತದ ಉತ್ತರವನ್ನೇ ಒತ್ತುವುದು ನಮ್ಮ ಪದ್ಧತಿ.

"ಮೂರನೇದೇ ಸರಿ, ಒತ್ತು," ಎನ್ನುತ್ತಿದ್ದ ಸ್ವೆರೆ. ಔಷಧಿ ಅಂಗಡಿ ನಡೆಸಿದವನು, ಅನುಮಾನವೆಂಬುದೇ ಗೊತ್ತಿಲ್ಲ.

"ನಿಂಗೆ ಯಾವಾಗ್ಲೂ ಮೂರನೇದೇ ಸರಿ. ಹೋದ್ವಾರ ನಿನ್ ಮಾತು ಕೇಳಿ, ಗೆದ್ದಿದ್ದ ಗ್ರೀಕರು ಸೋತ್ರು!" ಎಂದು ಗುನ್ವೊರ್ ರೇಗುತ್ತಿದ್ದಳು.

"ತಡೀರಪ್ಪಾ, ಇನ್ನೊಂದ್ಸಲ ಓದಿ. ಕಾಫಿ ಯಂತ್ರದ ಗಲಾಟೇಲಿ ಕೇಳ್ಲಿಲ್ಲ," ಎನ್ನುತ್ತಿದ್ದವನು ಓಡ್ವಾರ್. ಜೀವಮಾನವೆಲ್ಲ ಮೀನು ಹಿಡಿದವನು. ಪ್ರತಿ ಪ್ರಶ್ನೆಗೂ ಅವನದು ಇದೇ ಮಾತು. ಯಾರಾದರೊಬ್ಬರು ಮತ್ತೆ ಗಟ್ಟಿಯಾಗಿ ಓದುತ್ತಿದ್ದೆವು. ಯಂತ್ರ ಕೆಟ್ಟು ಮೂಲೆ ಸೇರಿದ್ದ ದಿನಗಳಲ್ಲೂ ಓದಿದ್ದೇವೆ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ.

ತಮ್ಮ ಕಚೇರಿಯ ಲೆಕ್ಕದಲ್ಲಿ ಮಾತ್ರ ಅಲ್ಲಿದ್ದವಳು ಒಬ್ಬಳೇ. ಇಡೀ ಜಿಲ್ಲೆಯಲ್ಲೇ ಅತಿ ಹೆಚ್ಚು ಪಾಠ ಮುಗಿಸಿದವಳೆಂದು ಗುನ್ವೊರ್‌ಗೆ ಅಭಿನಂದನೆ ಕಳಿಸಿದಿರಿ. ಅದರ ಜೊತೆಗೇ, ಒಂದೊಂದು ಪ್ರಶ್ನೆಗೂ ವಿಪರೀತ ಹೊತ್ತು ತೆಗೆದುಕೊಳ್ಳುವ ಈ ಕಲಿಕಾರ್ಥಿ ಸಮಯ ನಿರ್ವಹಣೆಯ ಪಾಠವನ್ನೂ ಕಲಿಯುವುದು ಒಳ್ಳೆಯದೆಂಬ ಸಲಹೆ. ಅದನ್ನೂ ಕಲಿತೆವು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದೇ. ಆಮೇಲೆ, ಒಬ್ಬಳಿಗಾಗಿ ಒಂದು ಕೋಣೆಯೇ ಎಂದು ಬೀಗ ಹಾಕಿಸಿದಿರಿ. ಈಗ ಅಲ್ಲಿ ಕುರ್ಚಿಗಳು ಒಂದರ ಮೇಲೊಂದು ಕೂತಿವೆ.

ನಾವು ಏಳು ಜನ ಎಂದು ತಿಳಿಸಿದಾಗ ತಮ್ಮ ಸಹಾಯಕರು ಏನೆಂದರು ಗೊತ್ತೇ? "ಒಳ್ಳೇದೇ ಆಯ್ತಲ್ಲ! ಏಳೂ ಜನ ಮನೇಲೇ ಕೂತ್ಕೊಂಡು ಕಲೀಬಹುದು." ಇದಕ್ಕೆ ನನ್ನ ಉತ್ತರ ಇದು.

ಬೀಗ ಬಿದ್ದಾಗ ಸಮುದ್ರದ ತಳದ ಬಗೆಗಿನ ಪಾಠ ಅರ್ಧಕ್ಕೆ ಬಂದಿತ್ತು. ಅದನ್ನು ಆರಿಸಿದವನು ಓಡ್ವಾರ್. "ಇಷ್ಟ್ ವರ್ಷ ಬಲೆ ಬಿಟ್ಟೆ, ಕೆಳಗೇನಿದೆ ಅಂತ ಈಗ ಗೊತ್ತಾಗ್ತಿದೆ ನೋಡು," ಎಂದು ಹಿಗ್ಗುತ್ತಿದ್ದ. ಗುನ್ವೊರ್ ಅವನ ಮನೆಗೆ ಹೋಗಿ ಅವನದೇ ಖಾತೆ ತೆರೆದುಕೊಟ್ಟು ಬಂದಳು. ಕೆಲವು ವಾರಗಳ ನಂತರ ನಾನು ಹೋದಾಗ ಪರದೆಯ ಮೇಲೆ ಇನ್ನೂ ಮೊದಲ ಪುಟವೇ ಇತ್ತು.

"ಯಾಕೋ, ಮುಂದೆ ಹೋಗೇ ಇಲ್ಲ?"

"ಮನೇಲಿ ಗಲಾಟೆನೇ ಇಲ್ವಲ್ಲ ಬೋರ್ಗಿಲ್ಡ್. ಇನ್ನೊಂದ್ಸಲ ಓದಿ ಅಂತ ಯಾರಿಗೆ ಹೇಳ್ಲಿ?" ಪರದೆಯನ್ನು ಆಚೆ ತಿರುಗಿಸಿದ. "ಚಿಕ್ಕಂದಿನಿಂದ್ಲೂ ಅಕ್ಷರ ನೋಡಿದ್ರೆ ನಂಗೆ ಎಲ್ಲಾ ಕಲಸಿಹೋಗುತ್ತೆ. ನಿಂಗೊತ್ತಿತ್ತಾ?"

"ಗೊತ್ತಿತ್ತು."

"ಎಲ್ರಿಗೂ?"

"ಎಲ್ರಿಗೂ."

"ಕಳ್ಳರು ಕಣ್ರೇ ನೀವು," ಎಂದು ಕಣ್ಣೊರೆಸಿಕೊಂಡ. ನನಗೂ ಅಳು ಬಂತು. ಅವನ ಮಾತನ್ನು ಊರೆಲ್ಲ ಓದುವ ಪತ್ರಿಕೆಯಲ್ಲಿ ಹಾಕಬಹುದೇ ಎಂದು ಕೇಳಿದೆ. "ಹಾಕು. ನನ್ ಹೆಸ್ರು ಹಾಕೇ ಬರಿ," ಎಂದ.

ಓದಿ ಹೇಳುವ ಗುಂಡಿಯೂ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ಅದು ಓದುತ್ತದೆ, ಆದರೆ ಅವನು ತಪ್ಪಿದಾಗ ಜೊತೆಗೆ ತಪ್ಪುವುದಿಲ್ಲ, ಬೈಯುವುದಿಲ್ಲ, ಇನ್ನೊಂದು ವಾಫಲ್ ಹಾಕುವುದಿಲ್ಲ. ಯಾರದಾದರೂ ಮನೆಯಲ್ಲಿ ಸೇರಬಹುದಲ್ಲ ಎಂದೂ ಕೇಳಬಹುದು. ಇನ್ನೊಬ್ಬರ ಮನೆಗೆ ಹೋದವನು ಅತಿಥಿ. ಕೊಟ್ಟ ಕಾಫಿ ಕುಡಿದು, ಹೊತ್ತಿಗೆ ಸರಿಯಾಗಿ ಎದ್ದು ಬರಬೇಕಾದವನು. ಆ ಕೋಣೆ ಯಾರದೂ ಅಲ್ಲದ್ದರಿಂದ ಓಡ್ವಾರ್ ಅಲ್ಲಿ ಬಾಯಿ ತೆರೆಯುತ್ತಿದ್ದ.

ಆದ್ದರಿಂದ ನಮಗೆ ಅಭಿನಂದನೆ ಬೇಡ, ಸಲಹೆಯೂ ಬೇಡ. ಮಂಗಳವಾರಗಳಂದು ಆ ಕೋಣೆಯ ಬೀಗ ತೆಗೆಸಿ. ಸಮುದ್ರದ ತಳದ ಪಾಠವನ್ನು ಗುನ್ವೊರ್ ಒಬ್ಬಳೇ ಯಾವಾಗಲೋ ಮುಗಿಸಬಹುದಿತ್ತು. ಅವಳು ಮುಟ್ಟಿಲ್ಲ, ನಾವೂ ಮುಟ್ಟಿಲ್ಲ.

ಪತ್ರಿಕೆಗೆ ಕಳಿಸುವ ಮೊದಲು ಓಡ್ವಾರ್‌ನ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. ಕಿಟಕಿ ಮುಚ್ಚಿತ್ತು, ಒಲೆ ಆರಿತ್ತು, ಎಲ್ಲೂ ಒಂದು ಸದ್ದೂ ಇರಲಿಲ್ಲ.

"ಇನ್ನೊಂದ್ಸಲ ಓದು," ಎಂದ.

ಇಂತಿ,
ತಮ್ಮ ಲೆಕ್ಕದ ಆ ಒಬ್ಬಳಲ್ಲಿ ಏಳನೇ ಒಂದು ಪಾಲು,
ಬೋರ್ಗಿಲ್ಡ್
(ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು)