ಹತ್ತು ವರ್ಷದ ಸರಾಸರಿ

ತಾರೀಕು ಹದಿನಾಲ್ಕು, ಸೋಮವಾರ

ನನ್ನ ಮುದ್ದು ಗುಬ್ಬಿಗೆ, ನಿನ್ನ ಸೋದರಮಾವ ಇಲ್ಲಿಂದಲೇ ನಿನ್ನ ಎರಡೂ ಕೆನ್ನೆ ಹಿಂಡಿ ಬರೆಯುವುದೇನೆಂದರೆ,

ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹೊಸ ಕನ್ನಡಕ ಬಂದಿದೆ, ಹೊಸ ಫ್ರಿಜ್ಜು ಬಂದಿದೆ. ನಿನ್ನ ಅತ್ತೆ ದಿನಕ್ಕೆ ನಾಲ್ಕು ಸಲ ಅದರ ಬಾಗಿಲು ತೆಗೆದು ಮುಂದೆ ನಿಲ್ಲುತ್ತಾಳೆ. ಏನು ಬೇಕೇ ಅಂದರೆ ಏನೂ ಬೇಡ, ಸುಮ್ಮನೆ ನೋಡಿದೆ ಅನ್ನುತ್ತಾಳೆ. ನಿನ್ನ ಕಾಗದ ತಲುಪಿತು. ಇಷ್ಟು ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೋಳಿ ಕೆರೆದ ಹಾಗಾಗುತ್ತದೆ, ಐದನೇ ಕ್ಲಾಸು ಓದಿದ ಮಾವ ಹೇಗೆ ಬಿಡಿಸಿಕೊಂಡಾನು ಎಂದು ನೀನು ಯೋಚನೆ ಮಾಡಬೇಡವೇ?

ನೀನು ಕೇಳಿರುವುದು ಇಷ್ಟು. ಹೋದ ವರ್ಷ ಮಗುವನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಿದ್ದಾಗ ಅಪ್ಪನಿಗೆ ಹೇಳು ಮಾವ ಎಂದು ಎರಡು ಮಾತು ಒಪ್ಪಿಸಿ ಹೋಗಿದ್ದೆ. ಒಂದು, ಆ ಎಣ್ಣೆ ಕಂಪನಿಯ ಷೇರನ್ನು ಈ ಬೆಲೆಗೆ ಕೊಳ್ಳಬಾರದು ಎಂದು. ಎರಡು, ನಿನ್ನ ಹೆಸರಿಗೆಂದು ಅವರು ಬ್ಯಾಂಕಿನಲ್ಲಿ ಇಟ್ಟಿರುವ ಗಂಟನ್ನು ಮುಟ್ಟದೆ ನಿನಗೆ ಕೊಡಬೇಕು, ನೀನು ಗಂಡನ ಮನೆಯಿಂದ ಹೊರಗೆ ಬಂದು ಬೇರೆ ಮನೆ ಹಿಡಿಯಬೇಕು ಎಂದು. ಎರಡನ್ನೂ ಹೇಳಿದೆಯಾ, ಅಪ್ಪ ಏನಂದರು, ಒಂದು ಸಾಲನ್ನೂ ಯಾಕೆ ಬರೆಯಲಿಲ್ಲ, ನನ್ನನ್ನು ಪೂರ್ತಿ ಕೈಬಿಟ್ಟರಾ ಎಂದು ಕೇಳಿದ್ದೀಯ. ಎಲ್ಲವನ್ನೂ ಬರೆಯುತ್ತೇನೆ. ಮೊದಲು ಒಂದನೆಯದು, ಎರಡನೆಯದಕ್ಕೆ ಆಮೇಲೆ ಬರೋಣ.

ನೀನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹಳೇ ಕ್ಯಾಲೆಂಡರಿನ ಬೆನ್ನಿಗೆ ಆ ಲೆಕ್ಕ ಹಾಕಿ ತೋರಿಸಿದ್ದು ನೆನಪಿದೆಯಲ್ಲ? ಗಂಡ ಕೆಲಸ ಬಿಡಿಸುವ ತನಕ ಷೇರು ಕಚೇರಿಯಲ್ಲಿ ಕೂತು ದೊಡ್ಡ ದೊಡ್ಡ ಕಂಪನಿಗಳಿಗೆ ಬೆಲೆ ಕಟ್ಟುತ್ತಿದ್ದವಳು ನೀನು. ಪೆನ್ಸಿಲ್ ಹಿಡಿದರೆ ಕೈ ಓಡುತ್ತಿತ್ತು. ಎಣ್ಣೆ ಕಂಪನಿಯನ್ನು ಒಂದು ವರ್ಷದ ಲಾಭ ನೋಡಿ ತೂಗಬಾರದು ಮಾವ ಅಂದೆ. ಎಣ್ಣೆಯ ಬೆಲೆ ಏರಿದ ವರ್ಷ ಕಂಪನಿ ಕೊಬ್ಬುತ್ತದೆ, ಇಳಿದ ವರ್ಷ ಮೂಳೆ ಕಾಣುತ್ತದೆ. ಹತ್ತು ವರ್ಷದ ಗಳಿಕೆಯನ್ನು ತಗೊಂಡು, ಹಳೇ ದುಡ್ಡನ್ನು ಇವತ್ತಿನ ದುಡ್ಡಿನ ಬೆಲೆಗೆ ತಂದು, ಆಮೇಲೆ ಸರಾಸರಿ ತೆಗೆದು, ಷೇರಿನ ಬೆಲೆ ಅದರ ಎಷ್ಟು ಪಟ್ಟಿದೆ ಎಂದು ನೋಡಬೇಕು ಅಂದೆ. ಹಳೇ ದುಡ್ಡನ್ನು ಇವತ್ತಿನ ಬೆಲೆಗೆ ತರುವುದು ನಿನಗೆ ಅರ್ಥವಾಗುತ್ತಾ ಎಂದು ಮಗುವಿಗೆ ಕೇಳಿದ ಹಾಗೆ ಕೇಳಿದೆ. ನಾನು ನಕ್ಕೆ.

ಆ ಕಂಪನಿಯ ಡಿಪೊದಲ್ಲೇ ನಾನು ಮೂವತ್ತು ವರ್ಷ ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ ಹತ್ತಿ ಅಳತೆಕೋಲು ಇಳಿಸಿದವನು. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, ಬೆಳಗಿನ ತಂಪಿಗೆ ಕುಗ್ಗುತ್ತದೆ. ಮಧ್ಯಾಹ್ನದ ನೂರು ಲೀಟರೂ ಬೆಳಗಿನ ನೂರು ಲೀಟರೂ ಒಂದೇ ಎಂದು ಕೂಡಿಸಿದವನ ಕೆಲಸ ಅವತ್ತೇ ಹೋಗುತ್ತದೆ. ಥರ್ಮಾಮೀಟರು ಅದ್ದಬೇಕು, ಗೋಡೆಯ ಮೇಲಿನ ಪಟ್ಟಿ ನೋಡಬೇಕು, ಎಲ್ಲ ಅಳತೆಯನ್ನೂ ಒಂದೇ ಶಾಖಕ್ಕೆ ತರಬೇಕು, ಆಮೇಲೆ ಕೂಡಿಸಬೇಕು. ಹಳೇ ಕಾಸು ಅಂದರೆ ತಣ್ಣಗಿನ ಎಣ್ಣೆ, ಕಡಿಮೆ ಕಂಡರೂ ಒಳಗೆ ಗಟ್ಟಿ. ಇವತ್ತಿನ ಕಾಸು ಬಿಸಿಲಿಗೆ ಉಬ್ಬಿದ್ದು. ಇದನ್ನು ನಾನು ಹೇಳಿದಾಗ ನೀನು ಪೆನ್ಸಿಲ್ ಕೆಳಗಿಟ್ಟು, ಮಾವ, ನಮ್ಮ ಕಚೇರಿಯ ಹುಡುಗರಿಗೆ ಇದನ್ನು ತಿಳಿಸೋದಕ್ಕೆ ನನಗೆ ಒಂದು ವಾರ ಬೇಕಾಗಿತ್ತು ಅಂದೆ. ಆ ಮಾತನ್ನು ನಾನು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೇನೆ.

ಲೆಕ್ಕ ಬಿದ್ದದ್ದು ಹೀಗೆ. ಷೇರಿನ ಬೆಲೆ ಇನ್ನೂರ ನಲವತ್ತು. ಹಿಂದಿನ ವರ್ಷದ ಗಳಿಕೆ ಷೇರಿಗೆ ಅರವತ್ತು. ನೋಡಿದವರಿಗೆ ನಾಲ್ಕೇ ಪಟ್ಟು, ಬಿಟ್ಟಿ ಮಾಲು! ಆದರೆ ಹತ್ತು ವರ್ಷವನ್ನು ಒಂದೇ ಶಾಖಕ್ಕೆ ತಂದು, ಎರಡು ವರ್ಷದ ನಷ್ಟವನ್ನೂ ಕಳೆದು ಸರಾಸರಿ ತೆಗೆದರೆ ಬರೀ ಹನ್ನೆರಡು. ಅಂದರೆ ಇಪ್ಪತ್ತು ಪಟ್ಟು. ನೀನು ಅದರ ಕೆಳಗೆ ಎರಡು ಗೀಟೆಳೆದು, ಅಪ್ಪ ಇದನ್ನು ಕೊಂಡರೆ ನಾನು ಹಾಳಾದೆ ಮಾವ ಅಂದೆ. ಆವಾಗ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಗೊತ್ತೇ? ನಿವೃತ್ತಿಯ ದಿನ ಕಂಪನಿ ಕೊಟ್ಟ ಎರಡು ಸಾವಿರ ಷೇರು ನನ್ನ ಬೀರುವಿನಲ್ಲೇ ಕೂತಿದ್ದವು.

ಈಗ ಹೇಳಿದ್ದು ಹೇಗೆ ಎಂದು ಕೇಳು. ನಿನ್ನಪ್ಪ, ನನ್ನ ಬ್ಯಾಂಕ್ ಮ್ಯಾನೇಜರ್ ಭಾವ, ಕ್ಷೌರದಂಗಡಿಯ ಕುರ್ಚಿಯಲ್ಲಿ ಒರಗಿದ್ದರು. ಮುಖದ ತುಂಬ ನೊರೆ, ಗಂಟಲ ಹತ್ತಿರ ಕತ್ತಿ. ಬೆಂಚಿನ ಮೇಲೆ ಔಷಧದಂಗಡಿಯವನು, ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತ, ಇನ್ನಿಬ್ಬರು. ಅಲ್ಲಿಯೇ ಹೇಳಿದೆ. ನೀನು ಹೇಳಿದ್ದಕ್ಕೆ ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಭಾವಾ, ನಿಮ್ಮ ಮಗಳು ನಮ್ಮ ಮನೆಗೆ ಬಂದಿದ್ದಳು, ನೀವು ಬರೀ ಒಂದು ವರ್ಷದ ಲಾಭ ನೋಡ್ತೀರಂತೆ, ಅದು ತಿಳಿಯದವರು ಮಾಡೋ ಲೆಕ್ಕವಂತೆ, ಆ ಷೇರು ಕೊಳ್ಳಬಾರದಂತೆ ಎಂದು, ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ. ಕತ್ತಿ ಇದ್ದುದರಿಂದ ಅವರು ತುಟಿ ಅಲ್ಲಾಡಿಸುವ ಹಾಗಿರಲಿಲ್ಲ. ಕಿವಿ ಮಾತ್ರ ನೊರೆಯ ಮಧ್ಯೆ ಟೊಮೇಟೊ ಹಣ್ಣಿನ ಹಾಗಾಯಿತು.

ಮುಖ ಒರೆಸಿಕೊಂಡವರೇ ಬೆಂಚಿನವರಿಗೆ ಪಾಠ ಶುರು ಮಾಡಿದರು. ಅರವತ್ತು ಗಳಿಸುವ ಷೇರು ಇನ್ನೂರ ನಲವತ್ತಕ್ಕೆ, ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ಸು. ಹತ್ತು ವರ್ಷ ಹಿಂದಕ್ಕೆ ಹೋಗಿ ಯಾವ ಹೆಣ ಎಬ್ಬಿಸುತ್ತೀರಿ? ಸ್ವಲ್ಪವೇ ಕೊಳ್ಳೋಣ ಎಂದಿದ್ದೆ, ಈಗ ನೋಡಿ, ಪೂರ್ತಿ ಗಂಟನ್ನೇ ಹಾಕುತ್ತೇನೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಮಾಮೂಲಿನದನ್ನು ಕೇಳಿದರು.

"ಎಣ್ಣೆ ಅಳೆಯೋನು ನನಗೆ ಲೆಕ್ಕ ಹೇಳೋಕೆ ಬಂದ. ಹದಿನೇಳ್ ಹತ್ತೊಂಬತ್ಲ ಎಷ್ಟೋ?"

ಎಲ್ಲರೂ ನಕ್ಕರು. ಕತ್ತಿ ಒರೆಸುತ್ತಿದ್ದ ಕ್ಷೌರದವನೂ ನಕ್ಕ. ಈ ಹದಿನೇಳು ಹತ್ತೊಂಬತ್ತಲ ನಿನಗೂ ಗೊತ್ತಲ್ಲ? ನನ್ನ ಮದುವೆಯ ಊಟದಲ್ಲಿ ಹೆಣ್ಣಿನ ಕಡೆಯವರೆಲ್ಲ ಕೂತಿದ್ದಾಗ, ನನ್ನ ಬಾಯಲ್ಲಿ ತುತ್ತಿದ್ದಾಗ ಮೊದಲ ಸಲ ಕೇಳಿದ್ದು. ಅವತ್ತಿನಿಂದ ಕೇಳದ ಸಮಾರಂಭವಿಲ್ಲ. ನೀನು ತೊಟ್ಟಿಲಲ್ಲಿದ್ದಾಗಲೂ, ನಿನ್ನ ಮುಖ ನೋಡೋಕೆ ಬಗ್ಗಿದವನನ್ನು ಎಬ್ಬಿಸಿ ಕೇಳಿದರು. ಉತ್ತರ ನನಗೆ ಮೊದಲ ಸಲವೇ ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ. ಅದನ್ನು ಬಡ್ಡಿಗೆ ಬಿಟ್ಟಿದ್ದೆ ಎಂದುಕೋ.

ಭಾವನ ವಿಷಯದಲ್ಲಿ ನನಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ ಗುಬ್ಬಿ. ನಾಲ್ಕು ಜನರ ಎದುರು ನಾನು ಮುಂದೆ ಬಾವಿ ಇದೆ ಅಂದರೆ, ಇಲ್ಲವೆಂದು ತೋರಿಸುವುದಕ್ಕಾದರೂ ಹೆಜ್ಜೆ ಇಡುತ್ತಾರೆ. ನಿನ್ನ ಮದುವೆಯಲ್ಲಿ ನೋಡಲಿಲ್ಲವೇ? ಹುಡುಗ ಅವಳಿಗೆ ಇಷ್ಟ ಭಾವ, ಬಿಡಿ ಎಂದು ನಾನು ಬಾಯಿ ಬಿಟ್ಟದ್ದೇ ತಡ, ಮದುವೆಗೇ ಬರುವುದಿಲ್ಲವೆಂದು ಕೂತುಬಿಟ್ಟರು. ನೀನು ಇನ್ನು ಅಪ್ಪನನ್ನು ಏನೂ ಕೇಳುವುದಿಲ್ಲವೆಂದು ಶಪಥ ಮಾಡಿದೆ. ಅಮ್ಮನಿಗೆ ಹೇಳಿದರೆ ಅತ್ತು ಊರಿಗೆಲ್ಲ ಗೊತ್ತು ಮಾಡುತ್ತಾಳೆ ಎಂದೂ ನೀನೇ ಅಂದೆ. ಉಳಿದವನು ನಾನೊಬ್ಬ. ಮದುವೆಗೆ ಬಂದ ಒಬ್ಬನೇ ಮಾವ, ಎಣ್ಣೆ ವಾಸನೆಯ ಮಾವ.

ಅವತ್ತು ಸಂಜೆಯೇ ಭಾವ ನಮ್ಮ ಮನೆ ಬಾಗಿಲಿಗೆ ಬಂದರು, ಜೊತೆಗೆ ಅಕ್ಕನೂ ಇದ್ದಳು. ಪೇಟೆಯಲ್ಲಿ ಕೊಂಡರೆ ದಲ್ಲಾಳಿಗೆ ಕೊಡಬೇಕು, ಮನೆಯೊಳಗೇ ಎರಡು ಸಾವಿರ ಷೇರಿದೆಯಲ್ಲ ಎಂದು ಬಂದಿದ್ದರು. ನಗಬೇಡ. ಅವರ ಲೆಕ್ಕದಲ್ಲಿ ಆ ಷೇರು ಆರು ನೂರು ಬಾಳುತ್ತದೆ, ಪೆದ್ದ ಭಾವಮೈದುನನಿಗೆ ಇನ್ನೂರ ನಲವತ್ತು ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು. ನನ್ನ ತಲೆ ಸವರುವುದಕ್ಕೆ ಬಂದವರನ್ನು ನಾನು ಕೂರಿಸಿ ಚಹಾ ಕೊಟ್ಟೆ. ಕಂಪನಿ ಕೊಟ್ಟ ನೆನಪಿನ ಕಾಣಿಕೆ ಭಾವ, ಹೇಗೆ ಕೊಡಲಿ ಎಂದು ಗೋಳಾಡಿದೆ. ಕಣ್ಣಲ್ಲಿ ನೀರೂ ಬಂತು, ಈರುಳ್ಳಿ ಹೆಚ್ಚುತ್ತಿದ್ದ ನಿನ್ನ ಅತ್ತೆಗೆ ಅದರ ಪುಣ್ಯ. ಕಡೆಗೆ ಷೇರಿಗೆ ಐದು ಹೆಚ್ಚು ಕೊಡಿ ಅಂದೆ. ಕೊಟ್ಟರು!

ನಿಮ್ಮಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಬಾಯಿ ತೆಗೆದದ್ದು ಒಂದೇ ಸಲ.

"ಅದು ಮಗಳ ದುಡ್ಡು ಕಣ್ರೀ."

ಎರಡು ವರ್ಷಕ್ಕೆ ಎರಡರಷ್ಟಾಗುತ್ತೆ, ಆಗ ಅವಳಿಗೆ ಎರಡರಷ್ಟು ಕೊಡ್ತೀನಿ, ಇವತ್ತು ತಿಳಿಯದವನು ಅಂದವಳು ಅವತ್ತು ಬಂದು ನನ್ನ ಮುಖ ನೋಡಲಿ ಎಂದು ಭಾವ ಅವಳನ್ನು ಸುಮ್ಮನಾಗಿಸಿದರು. ಕಾಗದಗಳಿಗೆ ಸಹಿ ಬಿತ್ತು.

ಮುಂದಿನದು ನಿನಗೆ ಗೊತ್ತಿರಬೇಕು, ಪತ್ರಿಕೆಯಲ್ಲಿ ಬಂದಿದೆ. ಎಣ್ಣೆಯ ಬೆಲೆ ಮುರಿಯಿತು. ಕಂಪನಿ ಈ ವರ್ಷ ನಷ್ಟ ತೋರಿಸಿದೆ. ನಿನ್ನೆ ಷೇರಿನ ಬೆಲೆ ಎಪ್ಪತ್ತು. ನಿನ್ನ ಸರಾಸರಿ ಹನ್ನೆರಡಕ್ಕೆ ಹಿಡಿದು ನೋಡಿದರೆ ಈಗ ಆರು ಪಟ್ಟೂ ಇಲ್ಲ. ಈಗ ಕೊಳ್ಳಬಹುದಲ್ಲವೇ? ನಾನು ಸ್ವಲ್ಪ ಕೊಳ್ಳೋಣ ಎಂದುಕೊಂಡಿದ್ದೇನೆ. ಭಾವ ಹೆದರಿ ಮಾರುವುದಕ್ಕೆ ಹೊರಟಿದ್ದಾರೆ, ಮನೆಯೊಳಗೇ ಇದೆಯಲ್ಲ, ದಲ್ಲಾಳಿಗೆ ಯಾಕೆ ಕೊಡಬೇಕು?

ಇಷ್ಟಾದ ಮೇಲೆ ನನ್ನ ಹೊಟ್ಟೆ ತಣ್ಣಗಿರಬೇಕಲ್ಲ? ಇಲ್ಲ. ಹೋದ ವಾರ ಅದೇ ಕ್ಷೌರದಂಗಡಿಯಲ್ಲಿ ಭಾವ ಸಿಕ್ಕಿದರು. ಗಡ್ಡ ಬೆಳೆದಿತ್ತು. ಅಳುತ್ತಾರೆ, ಬೈಯುತ್ತಾರೆ, ಲೆಕ್ಕದಲ್ಲಿ ನೀನೇ ಗೆದ್ದೆ ಕಣೋ ಅನ್ನುತ್ತಾರೆ ಎಂದು ಒಂದು ವರ್ಷದಿಂದ ಕಾದಿದ್ದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು ಏನಂದರು ಗೊತ್ತೇ?

"ಹೋಗ್ಲಿ ಬಿಡೋ, ನೀನಾದ್ರೂ ಉಳ್ಕೊಂಡ್ಯಲ್ಲ. ನಿಂದು ಬರೀ ಅದೃಷ್ಟ ಕಣೋ."

ಅದೃಷ್ಟವಂತೆ! ಬೆಂಚಿನವರೆಲ್ಲ ಹೌದು ಹೌದು, ತಿಳಿಯದವರಿಗೇ ಇಂಥದ್ದು ಒಲಿಯೋದು ಅಂದರು. ಅದಕ್ಕೇ ಈ ಕಾಗದ. ಶಪಥ ಗಿಪಥ ಪಕ್ಕಕ್ಕಿಟ್ಟು ನಿಮ್ಮಪ್ಪನಿಗೆ ನಾಲ್ಕು ಸಾಲು ಬರಿ. ಮಾವನಿಗೆ ಲೆಕ್ಕ ಮೊದಲೇ ಗೊತ್ತಿತ್ತು, ಹತ್ತು ವರ್ಷದ ಸರಾಸರಿ ಹಾಕಿ, ಇಪ್ಪತ್ತು ಪಟ್ಟು ಎಂದು ತಿಳಿದೇ ನಿಮಗೆ ಮಾರಿದ್ದು ಎಂದು ಬರಿ. ಮುನ್ನೂರ ಇಪ್ಪತ್ತಮೂರು ಎಂದೂ ಬರಿ, ಅವರಿಗೆ ಅರ್ಥವಾಗುತ್ತದೆ. ನಾನೇ ಹೇಳಿದರೆ ನಂಬುವುದಿಲ್ಲ. ನಿನ್ನ ಬಾಯಿಂದ ಬಂದರೆ ನಂಬಲೇಬೇಕು, ಕಲಿಸಿದವಳು ನೀನೇ ತಾನೆ?

ಎರಡನೆಯ ಮಾತಿಗೆ ಬಂದರೆ, ಏನು ಹೇಳಲಿ, ನಿಮ್ಮಪ್ಪ ಕಲ್ಲು. ಅದು ನಿನಗೆ ತಿಳಿಯದ್ದೇ? ಸಮಯ ನೋಡಿ ಹೇಳಿದೆ, ಕೇಳಿಸಿಕೊಂಡ ಹಾಗೆಯೇ ಕಾಣಲಿಲ್ಲ. ಇನ್ನು ಆ ಗಂಟಿನ ಆಸೆ ಬಿಡು, ಎಪ್ಪತ್ತರ ಷೇರಿನಲ್ಲಿ ಮನೆ ಬಾಡಿಗೆಯ ಮುಂಗಡ ಹುಟ್ಟುವುದಿಲ್ಲ. ಗಂಡನ ಜೊತೆ ಹೊಂದಿಕೊಂಡು ಹೋಗು. ಮೊನ್ನೆಯಿಂದ ಚೆನ್ನಾಗಿ ಮಾತಾಡುತ್ತಿದ್ದಾನೆ ಎಂದು ಬರೆದಿದ್ದೀಯಲ್ಲ. ಅವನ ಹತ್ತು ವರ್ಷದ ಸರಾಸರಿ ತೆಗೆಯೋಕೆ ಮಾತ್ರ ಹೋಗಬೇಡ. ಮಗುವಿಗೆ ನನ್ನ ಮುದ್ದು. ಕಲಿಸಿಕೊಟ್ಟದ್ದಕ್ಕೆ ಗುರುಕಾಣಿಕೆ ಎಂದು ಇದರೊಳಗೆ ಒಂದು ನೋಟು ಇಟ್ಟಿದ್ದೇನೆ, ಬಸ್ಸಿನ ಖರ್ಚಿಗೆ ಸಾಕಾಗಲಾರದು, ಮಗುವಿಗೆ ಬಲೂನು ಕೊಡಿಸು.

ನಿನ್ನ ಪ್ರೀತಿಯ, ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಡದ,
ಎಣ್ಣೆ ಮಾವ

ಮರೆತಿದ್ದೆ: ಕಾಗದವನ್ನು ಮಡಿಸುವ ಮುಂಚೆ ಮತ್ತೊಮ್ಮೆ ಓದಿದೆ. ನನ್ನ ಜಾಣತನದ ಒಳ್ಳೇ ಭಾಗವೇ ಬಿಟ್ಟುಹೋಗಿದೆ. ನಿನಗಲ್ಲದೆ ಇನ್ನು ಯಾರಿಗೆ ಹೇಳಿಕೊಳ್ಳಲಿ? ನಿನ್ನ ಲೆಕ್ಕದಲ್ಲಿ ಇಲ್ಲದ ಒಂದು ಅಂಕೆಯನ್ನು ನಾನು ಸೇರಿಸಿದ್ದೆ. ನೀನು ದುಡ್ಡು ಕೇಳಿದ್ದೀಯ ಎಂದು ತಿಳಿದಿದ್ದರೆ ಭಾವ ಆ ನಿಮಿಷಕ್ಕೇ ಎದ್ದು ಹೋಗಿ ಗಂಟನ್ನು ಬಿಡಿಸಿ ನಿನ್ನ ಮನೆ ಬಾಗಿಲಿಗೆ ಬರುತ್ತಿದ್ದರು, ಆಗ ನನ್ನ ಷೇರನ್ನು ಕೊಳ್ಳುವವರು ಯಾರು? ಹಾಗಾಗಿ ಎರಡನೆಯ ಮಾತನ್ನು, ಮೇಲೆ ಏನೇ ಬರೆದಿರಲಿ, ನಾನು ಯಾವತ್ತೂ ಹೇಳಲಿಲ್ಲ. ಅವತ್ತು ಸಂಜೆ ಸಹಿ ಹಾಕುವ ಮುಂಚೆ ಪೆನ್ನಿನ ಮುಚ್ಚಳ ತೆಗೆದು, ನನ್ನ ಕಡೆ ನೋಡದೆ ಅವರೇ ಕೇಳಿದರು, "ಅವಳು ತನಗೇಂತ ಏನಾದ್ರೂ ಕೇಳಿದ್ಲೇನೋ?" ಏನೂ ಕೇಳಲಿಲ್ಲ ಭಾವ, ತುಂಬಾ ಚೆನ್ನಾಗಿದ್ದಾಳೆ ಅಂದೆ. ಪೆನ್ನಿಗೆ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಆಮೇಲೆ ಎಲ್ಲಿ ಹಾಕಬೇಕು ತೋರಿಸೋ ಅಂದರು. ತೋರಿಸಿದೆ.