ಸೋಯಾ ಹಾಲಿನ ಕೆನೆ

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಅಂಗಡಿ ಹಾಲು ಕಾಯಿಸುತ್ತಾ ಅತ್ತೆಯದು ಮತ್ತೆ ಅದೇ ರಾಗ. "ಇದೂ ಒಂದು ಹಾಲೇನೇ ವಂದನಾ? ಕೆನೆ ಅನ್ನೋದೇ ಕಟ್ಟಲ್ಲ!" ಅತ್ತೆ ಮೈಸೂರಿನಿಂದ ಈ ಪರದೇಶದ ನಮ್ಮೂರು ಲೂಕನ್‌ಗೆ ಬಂದು ಮೂರು ತಿಂಗಳು. ಹೊರಗೆ ಒಂದು ತುತ್ತೂ ತಿಂದಿಲ್ಲ. ಯಾವ ಸೌಟು ಯಾವುದಕ್ಕೆ ಹಾಕಿರುತ್ತಾರೋ ಅಂತ ಭಯ. ಇಪ್ಪತ್ತಕ್ಕೆ ವಾಪಸ್ ಫ್ಲೈಟ್. ಅಷ್ಟರಲ್ಲಿ ಒಂದೇ ಒಂದು ಸಲ ಹೊರಗೆ ಕೂರಿಸಿ ಊಟ ಮಾಡಿಸಬೇಕು.

ಮಾರ್ಚ್ 8, ಶನಿವಾರ

ಸಿಕ್ಕಿತು! ಸಿಟಿಯಲ್ಲೊಂದು ಜಪಾನಿ ಹೋಟೆಲ್. ಸೋಯಾ ಹಾಲು ಕಾಯಿಸಿ, ಮೇಲೆ ಕಟ್ಟಿದ ಕೆನೆ ಎತ್ತಿ ಬಡಿಸುತ್ತಾರಂತೆ. ಯೂಬಾ ಅಂತ ಹೆಸರು. ಫೋನ್ ಮಾಡಿ ವೆಜ್ಜಾ ಅಂತ ಕೇಳಿದೆ. "ಬರೀ ಸೋಯಾ, ಗ್ರ್ಯಾಂಡ್" ಅಂದಳು ಹುಡುಗಿ; ಗ್ರ್ಯಾಂಡ್ ಅಂದರೆ ಇಲ್ಲಿನವರ ಮಾತಲ್ಲಿ ಏನೂ ತೊಂದರೆಯಿಲ್ಲ ಅಂತ. ನಾನೇ ಗ್ಯಾರಂಟಿ ಅಂದೆ ಅತ್ತೆಗೆ.

"ನಿನ್ನ ಮಾತಿನ ಮೇಲೆ ಬರ್ತಿದೀನಿ, ನೋಡು."

ಮಾರ್ಚ್ 15, ಶನಿವಾರ, ಸಂಜೆ 5

ಈಗಷ್ಟೇ ಆ ಹೋಟೆಲಿನಿಂದ ಬಂದೆವು.

ಮೇಜಿನ ಮೇಲೆಯೇ ಚೌಕ ಪಾತ್ರೆ, ಸಣ್ಣ ಉರಿ. ಕೆನೆ ಕಟ್ಟುತ್ತಿದ್ದಂತೆ ಅತ್ತೆಯ ಮುಖ ಅರಳಿತು. ಅಡುಗೆಯ ಜಪಾನಿ ಅಜ್ಜ ಬಿದಿರು ಕಡ್ಡಿಯಲ್ಲಿ ಎತ್ತಿ ತಟ್ಟೆಗೆ ಹಾಕಿದರು. ಅದ್ದಿಕೊಳ್ಳಲು ಬಟ್ಟಲಲ್ಲಿ ತಿಳಿಸಾರು. ನನಗೇಕೋ ವಾಸನೆ ಹೊಡೆಯಿತು. ಕೇಳಿದೆ. ಹೌದು — ಮೀನು ಹಾಕಿ ಕುದಿಸಿದ್ದು! ಕೆನೆಯ ಬಗ್ಗೆ ಕೇಳಿದ್ದೆ, ಸಾರಿನ ಬಗ್ಗೆ ಕೇಳಿರಲಿಲ್ಲ. ಅತ್ತೆಯ ಕೈ ಆಗಲೇ ಬಟ್ಟಲ ಹತ್ತಿರ...

"ಅತ್ತೆ, ಬೇಡ! ಅದರಲ್ಲಿ ಮೀನಿದೆ. ತಪ್ಪು ನಂದೇ."

ಎದ್ದು ಹೊರಟೇಬಿಡುತ್ತಾರೆ ಅಂದುಕೊಂಡೆ. ಅಳು ಬಂತು. ಅತ್ತೆ ಬಟ್ಟಲನ್ನು ಆಚೆ ತಳ್ಳಿದರು. "ಕೆನೆಗೇನೂ ಹಾಕಿಲ್ಲ ತಾನೆ?"

"ಇಲ್ಲ, ಬರೀ ಸೋಯಾ."

"ಹಾಗಾದ್ರೆ ಚೂರು ಉಪ್ಪು ಕೇಳು. ಮುಚ್ಚಿಡದೆ ಹೇಳಿದೆಯಲ್ಲ, ಸಾಕು. ಕಣ್ಣೊರೆಸ್ಕೋ."

ಎರಡನೆಯ ಕೆನೆ ಅವರೇ ಎತ್ತಿದರು. ಒಂದು ಚೂರೂ ಹರಿಯಲಿಲ್ಲ. ಅಜ್ಜ ಬಗ್ಗಿ ನಮಸ್ಕರಿಸಿದರು. ಉಪ್ಪು ಉದುರಿಸಿಕೊಂಡು ಐದು ಕೆನೆ ತಿಂದರು ನಮ್ಮತ್ತೆ! ಕಾರಿನಲ್ಲಿ ಒಂದೇ ದೂರು — "ಬೆಣ್ಣೆ ಮಾತ್ರ ಬರಲ್ಲ ಇದರಲ್ಲಿ."

ಮಾರ್ಚ್ 30, ಭಾನುವಾರ, ಬೆಳಗ್ಗೆ 11

ಅತ್ತೆ ಹೋಗಿ ಹತ್ತು ದಿನ. ಮನೆ ಬಿಕೋ ಅನ್ನುತ್ತಿದೆ. ಸೋಯಾ ಹಾಲು ತಂದು ಒಲೆಗಿಟ್ಟೆ. ಮೊದಲ ಕೆನೆ ಚಿಂದಿಯಾಯಿತು. ವಿಡಿಯೋ ಕಾಲ್ ಮಾಡಿ ಪಾತ್ರೆ ತೋರಿಸಿದೆ.

"ಕಲಕಬೇಡ ಕಣೇ! ಉರಿ ಸಣ್ಣ ಮಾಡಿ ಸುಮ್ನೆ ಕೂತ್ಕೋ." ಆಮೇಲೆ, ಫೋನ್ ಇಡುವ ಮುಂಚೆ — "ಮುಂದಿನ ಸಲ ಬಂದಾಗ ಎಲ್ಲಿಗೆ ಕರ್ಕೊಂಡು ಹೋಗ್ತೀಯ ಊಟಕ್ಕೆ?"

ಅವರು ಹೇಳಿದ ಹಾಗೇ ಸುಮ್ಮನೆ ಕೂತು ಬರೆಯುತ್ತಿದ್ದೇನೆ. ಎರಡನೆಯದು ಕಟ್ಟುತ್ತಿದೆ. ಅಂಚು ಬಿಟ್ಟಿತು, ಈಗ ಎತ್ತಬೇಕು—